ಬೀದಿಯ ಬಣ್ಣ ಬದಲಾಗುವ ಮುಂಚೆ: ವಲಯ ನಿಯಮಕ್ಕೆ ಆಕ್ಷೇಪಣೆ ಸಲ್ಲಿಸುವುದು ಹೇಗೆ?

ನಮ್ಮ ಬೀದಿಯ ಕೊನೆ ಮನೆಯಲ್ಲಿ ಮೊದಲು ಇದ್ದಿದ್ದು ಒಂದೇ ಹೊಲಿಗೆ ಮಿಷನ್. ಎರಡೇ ವರ್ಷದಲ್ಲಿ ಅವು ಹನ್ನೆರಡಾದವು. ತ್ರೀ ಫೇಸ್ ಕರೆಂಟ್ ಬಂತು. ಬೆಳಗಿನ ಐದಕ್ಕೆ ಟೆಂಪೊ ರಿವರ್ಸ್ ತೆಗೆಯುವ ಪೀಂ ಪೀಂ ಸದ್ದೇ ನಮಗೆಲ್ಲ ಅಲಾರಂ ಆಯಿತು. ಇದು ಟೈಲರ್ ಅಂಗಡಿಯೋ, ಗಾರ್ಮೆಂಟ್ಸ್ ಕಾರ್ಖಾನೆಯೋ? ಬೀದಿ ಜಗಳದಲ್ಲಿ ಇದು ತೀರ್ಮಾನವಾಗುವುದಿಲ್ಲ. ಊರಿನ ಮಹಾಯೋಜನೆ, ಅಂದರೆ ಮಾಸ್ಟರ್ ಪ್ಲಾನ್ ಜೊತೆಗಿರುವ ವಲಯ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿರುತ್ತದೆ. ಆ ನಿಯಮಗಳು ಪರಿಷ್ಕರಣೆಯಾಗುವಾಗ ನೀವೂ ಬಾಯಿ ಹಾಕಬಹುದು.

ಮೊದಲು ನಕ್ಷೆ ನೋಡಿ

ನಿಮ್ಮ ಊರಿನ ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ಯೋಜನಾ ಪ್ರಾಧಿಕಾರದ ಕಚೇರಿಯಲ್ಲಿ ಭೂ ಉಪಯೋಗದ ನಕ್ಷೆ ಇರುತ್ತದೆ. ಎಷ್ಟೋ ಪ್ರಾಧಿಕಾರಗಳ ವೆಬ್‌ಸೈಟ್‌ನಲ್ಲೂ ಸಿಗುತ್ತದೆ. ಸರ್ವೆ ನಂಬರ್ ಹಿಡಿದು ನಿಮ್ಮ ಜಾಗ ಹುಡುಕಿ. ಹಳದಿ ಅಂದರೆ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಉಪಯೋಗ, ಹಸಿರು ಪಾರ್ಕು.

ಇಲ್ಲಿ ಒಂದು ತಮಾಷೆ ಇದೆ. ಮಾಲಿನ್ಯ ನಿಯಂತ್ರಣ ಮಂಡಳಿಯವರೂ ಕೈಗಾರಿಕೆಗಳಿಗೆ ಬಣ್ಣ ಹಚ್ಚುತ್ತಾರೆ. ಅವರ ಲೆಕ್ಕದಲ್ಲಿ ಕೆಂಪು ಅಂದರೆ ಅತಿ ಹೆಚ್ಚು ಮಾಲಿನ್ಯ ಮಾಡುವಂಥದ್ದು, ಆಮೇಲೆ ಕಿತ್ತಳೆ, ಹಸಿರು, ಬಿಳಿ. ನಕ್ಷೆಯ ಕೆಂಪಿನಲ್ಲಿ ಶಾಲೆ, ಆಸ್ಪತ್ರೆ ಇರುತ್ತವೆ. ಎರಡನ್ನೂ ಕಲಸಿಕೊಂಡು ಅರ್ಜಿ ಬರೆದರೆ ಓದುವವರು ನಗುತ್ತಾರೆ, ಅಷ್ಟೇ.

ಇನ್ನೊಂದು ಗೊಂದಲ ಇದಕ್ಕಿಂತ ದೊಡ್ಡದು. ‘ಡಿಸಿ ಕನ್ವರ್ಷನ್ ಆಗಿದೆ, ಇನ್ನೇನು ಬೇಕು?’ ಅನ್ನುವವರು ತುಂಬ ಜನ. ಅದು 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ ಪ್ರಕಾರ ಕೃಷಿ ಜಮೀನನ್ನು ಕೃಷಿಯೇತರ ಬಳಕೆಗೆ ಬಿಡುವುದು. ನಕ್ಷೆಯ ಬಣ್ಣ ಬದಲಿಸುವುದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಕನ್ವರ್ಷನ್ ಆಯಿತು ಅಂತ ನಕ್ಷೆಯ ಬಣ್ಣ ತಾನಾಗಿಯೇ ಬದಲಾಗುವುದಿಲ್ಲ.

ಆಮೇಲೆ ಪಟ್ಟಿ ಓದಿ

ಬಹಳಷ್ಟು ಜನ ಬಣ್ಣ ನೋಡಿ ಎದ್ದು ಬರುತ್ತಾರೆ. ನಿಜವಾದ ವಿಷಯ ಇರುವುದು ಪಟ್ಟಿಯಲ್ಲಿ. ಪ್ರತಿ ವಲಯಕ್ಕೂ ಎರಡು ಪಟ್ಟಿ ಇರುವುದು ರೂಢಿ. ಒಂದು, ಸೀದಾ ಅನುಮತಿ ಇರುವ ಉಪಯೋಗಗಳು. ಇನ್ನೊಂದು, ‘ವಿಶೇಷ ಸಂದರ್ಭದಲ್ಲಿ’ ಪ್ರಾಧಿಕಾರ ಅನುಮತಿ ಕೊಡಬಹುದಾದವು. ಈ ಎರಡನೆಯದನ್ನು ಪೆನ್ಸಿಲ್ ಹಿಡಿದು ಓದಿ. ಹಳದಿ ಬೀದಿಗೆ ಕಲ್ಯಾಣ ಮಂಟಪವೋ ಪೆಟ್ರೋಲ್ ಬಂಕೋ ಬರುವ ದಾರಿ ಇದ್ದರೆ ಸಾಮಾನ್ಯವಾಗಿ ಇಲ್ಲೇ ಇರುತ್ತದೆ.

ಜೊತೆಗೆ ಮಿತಿಗಳನ್ನು ನೋಡಿ: ರಸ್ತೆ ಎಷ್ಟು ಅಡಿ ಅಗಲ ಇರಬೇಕು, ಎಷ್ಟು ಚದರ ಮೀಟರ್ ಜಾಗ, ಮೋಟಾರು ಎಷ್ಟು ಎಚ್‌ಪಿ. ಹಿಟ್ಟಿನ ಗಿರಣಿ ಬೇಡ ಅಂತ ಯಾರೂ ಹೇಳುವುದಿಲ್ಲ, ಗಿರಣಿ ಇಲ್ಲದ ಬಡಾವಣೆ ಬಡಾವಣೆಯೇ ಅಲ್ಲ. ಗೋಡೆ ನಡುಗುವಷ್ಟು ದೊಡ್ಡ ಮೋಟಾರು ಬೇಡ ಅನ್ನುತ್ತಾರೆ. ನನ್ನ ಮಟ್ಟಿಗೆ ಒಳ್ಳೆ ನಿಯಮ ಅಂದರೆ ಕಸುಬಿನ ಹೆಸರು ನೋಡುವುದಲ್ಲ, ಅದರ ಗಾತ್ರ ನೋಡುವುದು.

ಪ್ರಕಟಣೆಗೆ ಕಾಯಿರಿ

ಮಹಾಯೋಜನೆಯನ್ನು ಕನಿಷ್ಠ 10 ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಅಂತ ಯೋಜನಾ ಕಾಯ್ದೆ ಹೇಳುತ್ತದೆ. ಹೇಳುತ್ತದೆ, ಅಷ್ಟೇ. ಬೆಂಗಳೂರಿನ 2015ರವರೆಗಿನ ಪರಿಷ್ಕೃತ ಯೋಜನೆಗೆ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. 2031ರವರೆಗಿನ ಯೋಜನೆಯ ಕರಡು 2017ರ ನವೆಂಬರ್‌ನಲ್ಲಿ ಹೊರಬಂತು. ಆಮೇಲೆ ಅದನ್ನು ವಾಪಸ್ ಪಡೆದರು, ಹಳೆಯ ನಿಯಮವೇ ಮುಂದುವರಿಯಿತು.

ಕರಡು ಪ್ರಕಟವಾದರೆ ಸಾರ್ವಜನಿಕರಿಗೆ 60 ದಿನ ಸಮಯವಿರುತ್ತದೆ. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಮೊದಲ 30 ದಿನ ಯಾರಿಗೂ ಗೊತ್ತೇ ಆಗಿರುವುದಿಲ್ಲ.

ಬರೆಯುವುದು ಹೀಗೆ

‘ನಮಗೆ ತುಂಬಾ ತೊಂದರೆಯಾಗುತ್ತಿದೆ, ದಯವಿಟ್ಟು ಕ್ರಮ ಕೈಗೊಳ್ಳಿ’ ಅಂತ ಸುಮ್ನೆ ಬರೆದರೆ ಅದರಿಂದ ನಿಯಮ ತಿದ್ದಲು ಆಗುವುದಿಲ್ಲ. ಎಲ್ಲಿ, ಯಾವ ಸಾಲು, ಅದರ ಬದಲು ಏನು, ಈ ಮೂರು ಇರಲಿ. ನಾನಾದರೆ ಹೀಗೆ ಬರೆಯುತ್ತೇನೆ:

‘ವಸತಿ ವಲಯದ ಪಟ್ಟಿಯಲ್ಲಿ ಹೊಲಿಗೆ ಘಟಕ ಎಂದಷ್ಟೇ ಇದೆ. ಒಟ್ಟು ಎಚ್‌ಪಿ, ಜಾಗದ ಅಳತೆ ಮತ್ತು ರಸ್ತೆಯ ಅಗಲಕ್ಕೆ ಮಿತಿ ಸೇರಿಸಬೇಕು. ನಮ್ಮ ರಸ್ತೆ 30 ಅಡಿ ಇದೆ, ಲಾರಿ ತಿರುಗುವುದಿಲ್ಲ. ಫೋಟೊ ಲಗತ್ತಿಸಿದೆ.’

ಇಷ್ಟು ಸಾಕು. ನಿಮ್ಮದೇ ಅಂಗಡಿ, ಗ್ಯಾರೇಜು ಇದ್ದು ಹೊಸ ಪಟ್ಟಿಯಲ್ಲಿ ಅದು ಬಿಟ್ಟುಹೋಗಿದ್ದರೆ ನೀವೂ ಬರೆಯಿರಿ. ಆಕ್ಷೇಪಣೆ ಮಾತ್ರವಲ್ಲ, ಸಲಹೆಯೂ ಕೊಡಬಹುದು. ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಬರಬೇಡಿ. ನಾನು ಒಮ್ಮೆ ಹಾಗೇ ಬಂದೆ. ಆಮೇಲೆ ಕೇಳಿದರೆ ಅಂಥ ಪತ್ರವೇ ಬಂದಿಲ್ಲ ಅಂದರು.

ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಶೀಲಿಸಿ, ಶಿಫಾರಸಿನ ಜೊತೆ ಸರ್ಕಾರಕ್ಕೆ ಕಳಿಸಬೇಕು. ನಿಮ್ಮದಕ್ಕೆ ಏನು ಷರಾ ಬರೆದರು ಅಂತ ತಿಳಿಯಬೇಕಾದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.

ಯೋಜನೆ ಜಾರಿಯಾದ ಮೇಲೂ ಪೇಪರ್ ನೋಡುತ್ತಿರಿ

ಯೋಜನಾ ಕಾಯ್ದೆಯ 14-ಎ ಕಲಂ ಪ್ರಕಾರ, ನಡುವೆಯೂ ಒಂದೊಂದು ಜಾಗದ ಉಪಯೋಗ ಬದಲಿಸಬಹುದು. ಅದಕ್ಕೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕೇಳಬೇಕು. ಆ ಪ್ರಕಟಣೆ ಟೆಂಡರುಗಳ ಮಧ್ಯೆ, ಕನ್ನಡಕ ಬೇಕಾಗುವಷ್ಟು ಸಣ್ಣ ಅಕ್ಷರದಲ್ಲಿ ಬರುತ್ತದೆ. ಬೀದಿಯ ಹೆಸರು ಇಲ್ಲದಿದ್ದರೂ ಸರ್ವೆ ನಂಬರ್ ಇರುತ್ತದೆ. ಹಾಗಾಗಿ ಅಕ್ಕಪಕ್ಕದ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿಡಿ. ಅಂದಹಾಗೆ, ಕೈಗಾರಿಕೆ ಜಾಗ ವಾಣಿಜ್ಯಕ್ಕೆ, ಇಲ್ಲವೇ ಅವೆರಡರಲ್ಲಿ ಯಾವುದಾದರೂ ವಸತಿಗೆ ಬದಲಾಗುವುದಾದರೆ, ಶುಲ್ಕ ಕಟ್ಟಿ ಪ್ರಾಧಿಕಾರಕ್ಕೆ ಮೊದಲೇ ತಿಳಿಸಿದರೆ ಅನುಮತಿ ಸಿಕ್ಕಂತೆಯೇ. ಪಕ್ಕದ ಗೋದಾಮು ಮನೆಯಾಗುವುದಾದರೆ ನೀವು ಪೇಪರ್ ಹುಡುಕಬೇಕಾಗಿಲ್ಲ.