ಕಾರಿಲ್ಲದೆ, ಒಬ್ಬಳೇ, ಐಸ್‌ಲ್ಯಾಂಡ್: ನನ್ನ ಲೆಕ್ಕ ಕೊನೆಗೂ ಕೂಡಿಬಂತು

ನಮ್ಮ ಚಾರಣದ ಗುಂಪಿನಲ್ಲಿ ಐಸ್‌ಲ್ಯಾಂಡಿಗೆ ಹೋಗಿ ಬಂದವರು ನಾಲ್ಕೈದು ಜನ ಇದ್ದಾರೆ. ಎಲ್ಲರದ್ದೂ ಒಂದೇ ಮಾತು: ನಾಲ್ಕು ಜನ ಸೇರಿ ಕಾರು ತಗೊಳ್ಳಿ, ಇಡೀ ದೇಶ ಬಳಸುವ ರಿಂಗ್ ರೋಡ್ ಸುತ್ತಿ ಬನ್ನಿ, ತಲೆಗೆ ಮೂರು ಲಕ್ಷ ಇಟ್ಕೊಳ್ಳಿ. ನಾನು ಒಬ್ಬಳೇ ಹೋಗ್ತೀನಿ, ಬಸ್ಸು, ಟೆಂಟು ಸಾಕು ಅಂದಾಗ ಒಬ್ಬರೂ ಹೂಂ ಅನ್ನಲಿಲ್ಲ. "ಅಲ್ಲಿನ ಗಾಳಿ ನಿಂಗೆ ಗೊತ್ತಿಲ್ಲ ಕಣಮ್ಮ, ಊಟಕ್ಕೇ ದಿನಕ್ಕೆ ಐದು ಸಾವಿರ ಎಣಿಸ್ಬೇಕು" ಅಂದವರೂ ಉಂಟು. ಎರಡು ವಾರದ ಆಸುಪಾಸು ಇದ್ದು, ವಿಮಾನ, ವೀಸಾ ಎಲ್ಲ ಸೇರಿ ಒಂದು ಲಕ್ಷದ ಅರವತ್ತು ಸಾವಿರದೊಳಗೆ ಮುಗಿಸಿ ಬಂದಿದ್ದೇನೆ. ಹೇಗೆ ಅಂತ ಕೇಳುವವರು ದಿನಾ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ ಮುಗಿಸಿಬಿಡುತ್ತೇನೆ, ಯಾಕಂದರೆ ಎಲ್ಲರ ಬಜೆಟ್ ಹಾಳಾಗುವುದು ಅಲ್ಲೇ. ಚಿಕ್ಕ ಕಾರಿನ ದಿನದ ಬಾಡಿಗೆ ನೋಡಲು ಪರವಾಗಿಲ್ಲ ಅನ್ನಿಸುತ್ತದೆ. ಅದರ ಮೇಲೆ ಜಲ್ಲಿಕಲ್ಲಿನ ವಿಮೆ, ಮರಳು ಮತ್ತು ಬೂದಿಯ ವಿಮೆ, ಪೆಟ್ರೋಲು (ನಾನು ಹೋದಾಗ ಲೀಟರಿಗೆ ಮುನ್ನೂರು ಕ್ರೋನಾ ದಾಟಿತ್ತು, ನಮ್ಮ ಲೆಕ್ಕದಲ್ಲಿ ಇನ್ನೂರು ರೂಪಾಯಿ ಹತ್ತಿರ), ಜಲಪಾತ ಜಲಪಾತಕ್ಕೂ ಪಾರ್ಕಿಂಗ್ ಶುಲ್ಕ. ಆಗ ಒಂದು ಸಾವಿರ ಕ್ರೋನಾ ಅಂದರೆ ಆರುನೂರು ರೂಪಾಯಿ ಚಿಲ್ಲರೆ ಇತ್ತು. ನಾಲ್ಕು ಜನ ಹಂಚಿಕೊಂಡರೆ ಸರಿ, ಒಬ್ಬರೇ ಹೊತ್ತರೆ ಸೊಂಟ ಮುರಿಯುತ್ತದೆ. ನನಗೂ ಹಿಂದಿನ ವರ್ಷ ಒಂದು ಕಾರಿನ ಗುಂಪು ಸಿಕ್ಕಿತ್ತು. ಒಬ್ಬರಿಗೆ ರಜೆ ಸಿಗಲಿಲ್ಲ, ಇನ್ನೊಬ್ಬರ ಮನೆಯಲ್ಲಿ ಮದುವೆ, ಗುಂಪು ಚದುರಿತು, ಮುಂಗಡ ಕೊಟ್ಟ ದುಡ್ಡಲ್ಲಿ ಅರ್ಧ ಹೋಯಿತು. ಇನ್ನೊಬ್ಬರ ರಜೆಗೆ ಕಾಯುವ ಪ್ರವಾಸ ಬೇಡ ಅಂತ ಆವತ್ತೇ ತೀರ್ಮಾನಿಸಿದೆ.

ನನ್ನ ಉಪಾಯ ಇಷ್ಟೇ: ರಿಂಗ್ ರೋಡಿನ 1,322 ಕಿಲೋಮೀಟರ್ ಪೂರ್ತಿ ಸುತ್ತುವ ಆಸೆ ಬಿಟ್ಟೆ. ರಾಜಧಾನಿ ರೇಕ್ಯಾವಿಕ್‌ನಿಂದ ದಕ್ಷಿಣ ಕರಾವಳಿ ಹಿಡಿದು ಹೋಪ್ನ್‌ವರೆಗೆ, ಅದೇ ದಾರಿಯಲ್ಲಿ ವಾಪಸ್. ಸರ್ಕಾರಿ ಬಸ್ಸು ಸ್ಟ್ರೈತೋದ 51ನೇ ನಂಬರು ಮ್ಯೋದ್ ನಿಲ್ದಾಣದಿಂದ ಹೊರಟು ಸೆಲ್ಯಾಲಂಡ್ಸ್‌ಫಾಸ್ ಜಲಪಾತ, ಸ್ಕೋಗರ್, ವೀಕ್, ಸ್ಕಾಫ್ತಾಫೆಲ್, ಯೋಕುಲ್ಸಾರ್ಲೋನ್ ಸರೋವರ ಎಲ್ಲ ಹಾದು ಹೋಗುತ್ತದೆ. ಐಸ್‌ಲ್ಯಾಂಡಿನ ಚಿತ್ರ ಅಂತ ನಾವು ನೋಡುವುದರಲ್ಲಿ ಮುಕ್ಕಾಲು ಪಾಲು ಈ ಒಂದೇ ಬಸ್ಸಿನ ಕಿಟಕಿಯಲ್ಲಿದೆ. ವೀಕ್‌ವರೆಗೆ ಎಂಟು ಸಾವಿರ ಕ್ರೋನಾ ಹತ್ತಿರ ಕೊಟ್ಟ ನೆನಪು. ಅಗ್ಗ ಅಲ್ಲ. ಆದರೆ ಒಂದೊಂದು ಕಡೆ ಎರಡು ಮೂರು ರಾತ್ರಿ ನಿಂತರೆ ಆ ಟಿಕೆಟ್ ಹೊರೆ ಅನ್ನಿಸುವುದಿಲ್ಲ. ಮಳೆ ಬಂದರೆ ನಾಳೆ ನೋಡಿದರಾಯಿತು ಅನ್ನುವ ನೆಮ್ಮದಿ ಕಾರಿನವರಿಗೆ ಇರಲಿಲ್ಲ. ಅವರಿಗೆ ಸಂಜೆಯೊಳಗೆ ಮುಂದಿನ ಹೋಟೆಲ್ ಮುಟ್ಟಬೇಕು. ಸೆಲ್ಯಾಲಂಡ್ಸ್‌ಫಾಸ್‌ನಲ್ಲಿ ಮಂಜು ಕವಿದು ಏನೂ ಕಾಣದೆ ಹತ್ತು ನಿಮಿಷದಲ್ಲಿ ಕಾರು ಹತ್ತಿದವರನ್ನು ಎಷ್ಟೋ ಮಂದಿ ನೋಡಿದೆ. ನಾನು ಮಾರನೇ ದಿನ ಬಿಸಿಲಲ್ಲಿ ಆ ನೀರಿನ ಹಿಂದುಗಡೆ ನಡೆದು ಬಂದೆ.

ವೀಸಾ ಈ ಉಪಾಯಕ್ಕೆ ದೊಡ್ಡ ಅಡ್ಡಿ. ಷೆಂಗೆನ್‌ನವರು (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಕೊಡುವ ಒಕ್ಕೂಟ) ಪ್ರತಿ ರಾತ್ರಿಗೂ ಉಳಿಯುವ ಜಾಗದ ದಾಖಲೆ ಕೇಳುತ್ತಾರೆ. ಟೆಂಟಿನ ಮೈದಾನಗಳಲ್ಲಿ ಬಹುಪಾಲು ಮುಂಗಡ ತಗೊಳ್ಳುವುದೇ ಇಲ್ಲ, ಹೋಗಿ ಹಾಕಿಕೊಳ್ಳಿ ಅಂತಾರೆ. ಮೊದಲ ಸಲ ಕೌಂಟರಿನಲ್ಲಿ ನನ್ನ ಕಾಗದ ತಿರುಗಿಸಿ ಕೊಟ್ಟರು. ಆಮೇಲೆ ನಾನೇ ಒಂದೊಂದು ಮೈದಾನಕ್ಕೂ ಇಮೇಲ್ ಬರೆದು, "ಮುಂಗಡ ಬೇಕಿಲ್ಲ, ಈ ತಿಂಗಳು ತೆರೆದಿರುತ್ತೇವೆ" ಅಂತ ಬಂದ ಉತ್ತರಗಳನ್ನು ಮುದ್ರಿಸಿ, ಮೊದಲ ಮತ್ತು ಕೊನೆಯ ರಾತ್ರಿಗಳಿಗೆ ಹಾಸ್ಟೆಲ್ ದುಡ್ಡು ಕಟ್ಟಿ, ಒಂದು ಪತ್ರದ ಜೊತೆ ಜೋಡಿಸಿದೆ. ಸಿಕ್ಕಿತು. ಆ ಪತ್ರದ ಒಕ್ಕಣೆ ಮಾತ್ರ ನನ್ನ ಹತ್ತಿರವೇ ಇರಲಿ, ಅದಕ್ಕೆ ನಾನು ಬಹಳ ರಾತ್ರಿ ನಿದ್ದೆಗೆಟ್ಟಿದ್ದೇನೆ. ಮೂವತ್ತು ಸಾವಿರ ಯೂರೋ ವಿಮೆ, ಬ್ಯಾಂಕ್ ಪಟ್ಟಿ ಎಲ್ಲ ನಿಮಗೆ ಗೊತ್ತಿರುವುದೇ.

ವಿಮಾನ: ನಮ್ಮಿಂದ ನೇರ ವಿಮಾನ ಇಲ್ಲ. ಬೆಂಗಳೂರಿನಿಂದ ಯೂರೋಪಿನ ಒಂದು ಊರಿಗೆ, ಅಲ್ಲಿಂದ ಬೇರೆ ಟಿಕೆಟಿನಲ್ಲಿ ಐಸ್‌ಲ್ಯಾಂಡಿನ ಕೆಫ್ಲಾವಿಕ್ ವಿಮಾನ ನಿಲ್ದಾಣ. ಎಪ್ಪತ್ತು ಸಾವಿರದೊಳಗೆ ಆಯಿತು. ಯಾವ ಊರು, ವಾರದ ಯಾವ ದಿನ ಅಂತ ಕೇಳಬೇಡಿ, ಮುಂದಿನ ಸಲಕ್ಕೂ ನನಗದು ಬೇಕು. ಕೆಫ್ಲಾವಿಕ್‌ನಿಂದ ರೇಕ್ಯಾವಿಕ್ ಐವತ್ತು ಕಿಲೋಮೀಟರ್. ಪ್ರವಾಸಿಗರೆಲ್ಲ ಖಾಸಗಿ ಕೋಚ್ ಹತ್ತುತ್ತಾರೆ, 55ನೇ ನಂಬರಿನ ಸಾದಾ ಬಸ್ಸಿನಲ್ಲಿ ಗಣನೀಯವಾಗಿ ಕಡಿಮೆ.

ಈಗ ಗಾಳಿ. ಗೆಳೆಯರು ಹೆದರಿಸಿದ್ದರಲ್ಲಿ ನಿಜ ಇದ್ದದ್ದು ಇದೊಂದೇ. ಅಂಗಡಿಯವನು "ನಾಲ್ಕೂ ಕಾಲಕ್ಕೆ ಆಗುತ್ತೆ ಮೇಡಂ" ಅಂತ ಕೊಟ್ಟ ಟೆಂಟು ಸ್ಕೋಗರ್‌ನಲ್ಲಿ ಒಂದೇ ರಾತ್ರಿಗೆ ಶರಣಾಯಿತು. ನಡುರಾತ್ರಿ ಟೆಂಟಿನ ಬಟ್ಟೆ ಮುಖಕ್ಕೆ ಬಡಿಯತೊಡಗಿತು, ಅಲ್ಯೂಮಿನಿಯಂ ಕಡ್ಡಿ ನಡುವೆ ಬಾಗಿ, ಸೀಳಿ, ಮೇಲ್ಹೊದಿಕೆಯನ್ನು ಹರಿದುಕೊಂಡು ಹೊರಬಂತು. ಮಲಗುಚೀಲ ಬಗಲಿಗೆ ಹಾಕಿಕೊಂಡು ಶೌಚಾಲಯದ ಕಟ್ಟಡಕ್ಕೆ ಓಡಿದೆ. ಅಲ್ಲಿ ನನಗಿಂತ ಮುಂಚೆ ಬಂದ ಇಬ್ಬರು ಫ್ರೆಂಚರು ಗೋಡೆಗೊರಗಿ ಕೂತಿದ್ದರು. ಬೆಳಿಗ್ಗೆ ಕಡ್ಡಿಯ ಸೀಳಿಗೆ ಒಂದು ಗೂಟವನ್ನೇ ದಬ್ಬೆ ಕಟ್ಟಿ, ಡಕ್ಟ್ ಟೇಪ್ ಸುತ್ತಿದೆ, ವಾಪಸ್ ಬರುವವರೆಗೂ ಅದು ನಿಂತಿತು. ಅಲ್ಲಿಂದಾಚೆಗೆ ನಾನು ಇಟ್ಟುಕೊಂಡ ನಿಯಮ: ಅಲ್ಲಿನ ಹವಾಮಾನ ಇಲಾಖೆ ಗಾಳಿಯನ್ನು ಸೆಕೆಂಡಿಗೆ ಇಷ್ಟು ಮೀಟರ್ ಅಂತ ಕೊಡುತ್ತದೆ, ಹನ್ನೆರಡು ಹದಿಮೂರು ದಾಟಿದರೆ ಟೆಂಟು ಹಾಕುವುದಿಲ್ಲ, ಎಷ್ಟೇ ದುಡ್ಡಾಗಲಿ ಹಾಸ್ಟೆಲ್ ಮಂಚ ಹಿಡಿಯುತ್ತೇನೆ. ಹಾಗೆ ಹಾಸ್ಟೆಲಿಗೆ ಹೋದದ್ದೇ ಹದಿನೆಂಟು ಸಾವಿರ ರೂಪಾಯಿ ಚಿಲ್ಲರೆ. ಟೆಂಟಿನ ರಾತ್ರಿಗಳಿಗೆಲ್ಲ ಸೇರಿಸಿ ಹದಿಮೂರು ಹದಿನಾಲ್ಕು ಸಾವಿರ.

ಗ್ಯಾಸ್ ಡಬ್ಬಿ ವಿಮಾನದಲ್ಲಿ ಬಿಡುವುದಿಲ್ಲವಲ್ಲ, ಅಲ್ಲಿ ಅದನ್ನು ಕೊಳ್ಳಲೂ ಹೋಗಬೇಡಿ. ರೇಕ್ಯಾವಿಕ್‌ನ ಲೊಯ್ಗರ್‌ದಾಲುರ್ ಟೆಂಟು ಮೈದಾನದಲ್ಲಿ ಒಂದು ಕಪಾಟು ಇದೆ, ಊರಿಗೆ ಹೊರಟವರು ಉಳಿದ ಗ್ಯಾಸು, ಪಾಸ್ತಾ, ಉಪ್ಪು, ಎಣ್ಣೆ ಬಿಟ್ಟು ಹೋಗುತ್ತಾರೆ. ಅಲುಗಾಡಿಸಿ ನೋಡಿ ಅರ್ಧಕ್ಕಿಂತ ಹೆಚ್ಚಿರುವ ಎರಡು ಡಬ್ಬಿ ಎತ್ತಿಕೊಂಡೆ, ಕೊನೆವರೆಗೂ ಸಾಕಾಯಿತು.

ಊಟಕ್ಕೆ ಮನೆಯಿಂದ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ ಒಯ್ದಿದ್ದೆ. ಯೂರೋಪಿನ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ, ಹಾಗಾಗಿ ತುಪ್ಪ ಬೇಡ. ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ ತೆಗೆದಿಟ್ಟೇ ಹೊರಟೆ. ಹಳದಿ ಬೋರ್ಡಿನ ಮೇಲೆ ಗುಲಾಬಿ ಹಂದಿ ಇರುವ ಬೋನಸ್ ಅಂಗಡಿಯಲ್ಲಿ ಬಾಳೆಹಣ್ಣು, ಬ್ರೆಡ್ಡು, ಸ್ಕಿರ್ ಸಿಗುತ್ತದೆ. ಸ್ಕಿರ್ ನಮ್ಮ ಗಟ್ಟಿ ಮೊಸರಿನ ಜಾಗಕ್ಕೆ ಚೆನ್ನಾಗಿ ಕೂರುತ್ತದೆ, ಕಟ್ಟಾ ಸಸ್ಯಾಹಾರಿಗಳು ಮಾತ್ರ ಡಬ್ಬಿಯ ಮೇಲಿನ ಪಟ್ಟಿ ಓದಿ, ಕೆಲವದರಲ್ಲಿ ರೆನೆಟ್ (ಕರುವಿನ ಹೊಟ್ಟೆಯಿಂದ ತೆಗೆಯುವ ಹೆಪ್ಪು) ಇರುತ್ತದೆ. ರೇಕ್ಯಾವಿಕ್‌ನಲ್ಲಿ ನಲ್ಲಿಯ ಬಿಸಿನೀರು ಭೂಮಿಯೊಳಗಿನಿಂದಲೇ ಬರುವುದು, ಗಂಧಕದ ವಾಸನೆ. ಅದರಲ್ಲಿ ಅವಲಕ್ಕಿ ನೆನೆಸಿದರೆ ಬಾಯಿಗಿಡಲಾಗುವುದಿಲ್ಲ. ತಣ್ಣೀರು ಹಿಡಿದು ಕಾಯಿಸಿಕೊಳ್ಳಿ. ತಣ್ಣೀರು ಅಮೃತ, ಬಾಟಲಿ ನೀರಿಗೆ ಒಂದು ಕ್ರೋನಾ ಕೊಡಬೇಕಿಲ್ಲ.

ಹಾಸ್ಟೆಲಿನಲ್ಲಿ ಮಾಡಿದ ಒಂದು ಪ್ರಯೋಗ ಹೇಳಲೇಬೇಕು. ಅಕ್ಕಿಹಿಟ್ಟು, ಉದ್ದಿನಹಿಟ್ಟು ಒಣದಾಗಿ ಒಯ್ದಿದ್ದೆ. ಅಡುಗೆಮನೆ ಕಟ್ಟೆಯ ಮೇಲೆ ಕಲಸಿಟ್ಟದ್ದು ಒಂದು ರಾತ್ರಿಯಾದರೂ ಮಿಸುಕಲಿಲ್ಲ. ಮಂಚದ ಪಕ್ಕದ ಹೀಟರ್ ಸದಾ ಬೆಚ್ಚಗಿರುತ್ತದೆ, ಭೂಶಾಖವಾದ್ದರಿಂದ ಯಾರೂ ಆರಿಸುವುದೂ ಇಲ್ಲ. ಅದರ ಮೇಲೆ ಮಡಚಿದ ಟವಲು, ಟವಲಿನ ಮೇಲೆ ಮುಚ್ಚಿದ ಪಾತ್ರೆ. ಬೆಳಿಗ್ಗೆ ಮುಚ್ಚಳ ತೆಗೆದರೆ ಹಿಟ್ಟು ಉಬ್ಬಿ ಅಂಚಿಗೆ ಬಂದು, ನೊರೆನೊರೆಯಾಗಿ, ಹದವಾದ ಹುಳಿ ವಾಸನೆ. ಹಾಸ್ಟೆಲಿನ ಬಾಣಲೆಯಲ್ಲಿ ದೋಸೆ ಹೊಯ್ದು ಚಟ್ನಿಪುಡಿ ಜೊತೆ ತಿಂದೆ, ಪಕ್ಕದ ಮಂಚದ ಜರ್ಮನ್ ಹುಡುಗಿಯೂ ಕೇಳಿ ಕೇಳಿ ಹಾಕಿಸಿಕೊಂಡಳು. ಇಡೀ ಪ್ರವಾಸದ ಊಟದ ಖರ್ಚು ಹತ್ತು ಸಾವಿರ ರೂಪಾಯಿ ದಾಟಿರಲಿಕ್ಕಿಲ್ಲ.

ಪ್ರವಾಸಿಗರೆಲ್ಲ ಹೋಗುವ ಬಿಸಿನೀರಿನ ಕೊಳ ಬ್ಲೂ ಲಗೂನ್‌ಗೆ ನಾನು ಹೋಗಲಿಲ್ಲ. ಆ ಒಂದು ಟಿಕೆಟಿನ ದುಡ್ಡಿಗೆ ಊರೂರಿನ ಈಜುಕೊಳಕ್ಕೆ ಎಂಟು ಹತ್ತು ಸಲ ಹೋಗಬಹುದು. ಅಲ್ಲಿನ ಬಿಸಿನೀರಿನ ತೊಟ್ಟಿಗಳು ನಲವತ್ತು ಡಿಗ್ರಿ ಆಸುಪಾಸು ಇರುತ್ತವೆ, ಟೆಂಟಿನಲ್ಲಿ ಮಲಗಿ ಮರಗಟ್ಟಿದ ಬೆನ್ನು ಅಲ್ಲಿ ಬಿಡುತ್ತದೆ. ಸ್ನಾನದ ಖರ್ಚೂ ಉಳಿಯಿತು. ಒಳಗೆ ಹೋಗುವ ಮುಂಚೆ ಬಟ್ಟೆಯಿಲ್ಲದೆ ಸೋಪು ಹಚ್ಚಿ ಮೈತೊಳೆಯಲೇಬೇಕು, ಎಲ್ಲೆಲ್ಲಿ ತೊಳೆಯಬೇಕೆಂದು ಗೋಡೆಯ ಮೇಲೆ ಚಿತ್ರ ಹಾಕಿರುತ್ತಾರೆ. ಹೆಂಗಸರಿಗೆ ಬೇರೆಯೇ ಕೋಣೆ, ಯಾರೂ ಯಾರನ್ನೂ ನೋಡುವುದಿಲ್ಲ. ಮೊದಲ ದಿನ ಕಷ್ಟ, ಆಮೇಲೆ ಅಭ್ಯಾಸ. ಊರಿನವರು ಬಾಯಿಬಿಟ್ಟು ಮಾತಾಡುವ ಜಾಗ ಅಂದರೆ ಆ ತೊಟ್ಟಿಗಳೇ. ವೀಕ್‌ನ ತೊಟ್ಟಿಯಲ್ಲಿ ಸಿಕ್ಕಿದ ಕುರಿ ಸಾಕುವ ಹೆಂಗಸೊಬ್ಬರು ಮಾರನೇ ದಿನ ತಮ್ಮ ಜೀಪಿನಲ್ಲಿ ಕೂರಿಸಿಕೊಂಡು ರೇತ್ತಿರ್‌ಗೆ ಕರೆದೊಯ್ದರು. ಬೇಸಿಗೆಯಿಡೀ ಬೆಟ್ಟದಲ್ಲಿ ಮೇಯಲು ಬಿಟ್ಟ ಕುರಿಗಳನ್ನು ಸೆಪ್ಟೆಂಬರಿನಲ್ಲಿ ಕೆಳಗಿಳಿಸಿ ಬೇರ್ಪಡಿಸುವ ಕೆಲಸ ಅದು. ದುಂಡನೆಯ ದೊಡ್ಡಿ, ನಡುವಿನಿಂದ ಗಾಡಿಚಕ್ರದ ಅರೆಕಾಲುಗಳ ಹಾಗೆ ಹೊರಟ ಬೇಲಿಗಳು, ಒಂದೊಂದು ಭಾಗ ಒಂದೊಂದು ಮನೆಯದು. ಕಿವಿಯ ಗುರುತು ನೋಡಿ, ಕೊಂಬು ಹಿಡಿದು, ಕಾಲಸಂದಿಯಲ್ಲಿ ಕುರಿಯನ್ನು ಸಿಕ್ಕಿಸಿಕೊಂಡು ಅವರವರ ಭಾಗಕ್ಕೆ ಎಳೆಯುತ್ತಾರೆ. ಹತ್ತು ವರ್ಷದ ಮಕ್ಕಳೂ ಎಳೆಯುತ್ತಿದ್ದರು. ನಾನೂ ಒಂದನ್ನು ಎಳೆದೆ. ಯಾವ ಪ್ಯಾಕೇಜಿನಲ್ಲೂ ಇದು ಸಿಗುವುದಿಲ್ಲ ಅಂತ ಹೆಮ್ಮೆಯಿಂದಲೇ ಹೇಳುತ್ತೇನೆ.

ಲಿಫ್ಟ್ ಕೇಳುವುದರ ಬಗ್ಗೆ. ಮಳೆಯಲ್ಲಿ ರಸ್ತೆಬದಿ ಹೆಬ್ಬೆರಳು ಎತ್ತಿ ನಿಂತರೆ ಯಾರೂ ನಿಲ್ಲಿಸುವುದಿಲ್ಲ, ಸೀಟು ಒದ್ದೆಯಾಗುತ್ತದೆ. ಗಂಟೆಗಟ್ಟಲೆ ನಿಂತು ನೋಡಿದೆ. ಕೆಲಸ ಮಾಡಿದ್ದು ಬೇರೆ: ಹಿಂದಿನ ರಾತ್ರಿ ಟೆಂಟು ಮೈದಾನದಲ್ಲಿ ಪಾತ್ರೆ ತೊಳೆಯುವ ಕಡೆ ನಿಂತು ಕೇಳುವುದು. ಸ್ಕಾಫ್ತಾಫೆಲ್‌ನಲ್ಲಿ ಬೆಳಿಗ್ಗೆ ಎದ್ದವರಲ್ಲಿ ಹೆಚ್ಚಿನವರು ಹೋಗುವುದೇ ಐವತ್ತೈದು ಅರವತ್ತು ಕಿಲೋಮೀಟರ್ ದೂರದ ಯೋಕುಲ್ಸಾರ್ಲೋನ್‌ಗೆ. ಮುಖ ನೋಡಿ, ಜೊತೆಯಲ್ಲಿ ಯಾರಿದ್ದಾರೆ ನೋಡಿ, ಒಂದೆರಡು ಮಾತಾಡಿ ಆಮೇಲೆ ಹೂಂ ಅನ್ನಬಹುದು. ಒಂಟಿ ಹೆಣ್ಣಿಗೆ ಇದು ರಸ್ತೆಗಿಂತ ಎಷ್ಟೋ ವಾಸಿ. ಹಾಗೆ ಸೂರ್ಯ ಹುಟ್ಟುವ ಹೊತ್ತಿಗೆ ಆ ಸರೋವರದ ದಡದಲ್ಲಿದ್ದೆ, ಟೂರ್ ಬಸ್ಸುಗಳು ಬರಲು ಇನ್ನೂ ಎರಡು ಮೂರು ಗಂಟೆ ಇತ್ತು. ನೀಲಿ ಹಿಮಗಡ್ಡೆ ಮಗುಚಿಕೊಳ್ಳುವಾಗ ಒಳಗಿನ ಗಾಳಿ ಚಿಟಚಿಟ ಒಡೆಯುವ ಸದ್ದು ಕೇಳಬೇಕೆಂದರೆ ಆ ಹೊತ್ತಿಗೇ ಹೋಗಬೇಕು.

ದುಡ್ಡು ಉಳಿಸಬಾರದ ಜಾಗವೂ ಇದೆ. ಹಿಮನದಿಯ ಮೇಲೆ ಒಬ್ಬರೇ ಕಾಲಿಡಬೇಡಿ. 2024ರ ಆಗಸ್ಟ್‌ನಲ್ಲಿ ಅದೇ ಯೋಕುಲ್ಸಾರ್ಲೋನ್ ಪಕ್ಕದ ಹಿಮನದಿಯಲ್ಲಿ ಮಂಜುಗಡ್ಡೆ ಕುಸಿದು ಪ್ರವಾಸಿಯೊಬ್ಬರು ತೀರಿಕೊಂಡರು, ಗೈಡ್ ಇದ್ದ ಗುಂಪಿನಲ್ಲೇ. ನಾನು ಸ್ಕಾಫ್ತಾಫೆಲ್‌ನಲ್ಲಿ ಒಂಬತ್ತು ಸಾವಿರ ರೂಪಾಯಿ ಹತ್ತಿರ ಕೊಟ್ಟು ಗೈಡ್ ಜೊತೆ ಹೋದೆ, ಮಂಜುಗಡ್ಡೆಯ ಗುಹೆ ಇಲ್ಲದ ದಾರಿ ಕೇಳಿಯೇ ಹೋದೆ. ರೇನಿಸ್‌ಫ್ಯಾರಾದ ಕಪ್ಪು ಮರಳಿನಲ್ಲಿ ಅಲೆ ಹೇಳದೆ ಕೇಳದೆ ಮೇಲಕ್ಕೆ ನುಗ್ಗುತ್ತದೆ, ಎಚ್ಚರಿಕೆ ದೀಪ ಕೆಂಪಿದ್ದರೆ ಕೆಳಗಿಳಿಯಲೇಬಾರದು, ಕೆಂಪಿಲ್ಲದಿದ್ದರೂ ಸಮುದ್ರಕ್ಕೆ ಬೆನ್ನು ಕೊಡಬಾರದು. ಒಬ್ಬರೇ ಹೋದಾಗ ಎಳೆದು ತರುವವರು ಯಾರೂ ಇರುವುದಿಲ್ಲ. ಫೋನಿನಲ್ಲಿ ತುರ್ತು ಸಹಾಯದ 112 ಆಪ್ ಹಾಕಿಕೊಂಡು ದಿನಾ ಇರುವ ಜಾಗ ಕಳಿಸುತ್ತಿದ್ದೆ.

ಉತ್ತರದ ಬೆಳಕಿಗೆ (ರಾತ್ರಿ ಆಕಾಶದಲ್ಲಿ ಕುಣಿಯುವ ಅರೋರಾ) ಟೂರ್ ಕೊಳ್ಳಲಿಲ್ಲ. ಎಲ್ಲರೂ ಆ ಬೆಳಕಿನ ಜೋರನ್ನು ಅಂದಾಜಿಸುವ ಕೆಪಿ ಅಂಕಿ ನೋಡುತ್ತಾ ಕೂರುತ್ತಾರೆ. ಐಸ್‌ಲ್ಯಾಂಡ್ ಇರುವ ಜಾಗಕ್ಕೆ ಎರಡು ಮೂರು ಇದ್ದರೂ ಸಾಕು. ನೋಡಬೇಕಾದ್ದು ಮೋಡದ ನಕ್ಷೆ. ಹವಾಮಾನ ಇಲಾಖೆಯ ನಕ್ಷೆಯಲ್ಲಿ ಹಸಿರು ಅಂದರೆ ಮೋಡ, ಬಿಳಿ ಅಂದರೆ ತಿಳಿ ಆಕಾಶ; ಬಹಳ ಜನ ತಿರುಗಾಮುರುಗಾ ಓದುತ್ತಾರೆ. ಸ್ಕೋಗರ್‌ಗೆ ವಾಪಸ್ ಬಂದಾಗ ಬಿಳಿ ಪಟ್ಟಿಯೊಂದು ಹನ್ನೊಂದು ಗಂಟೆಗೆ ಕರಾವಳಿ ಮುಟ್ಟುವುದು ಕಾಣಿಸಿತು. ಅರವತ್ತು ಮೀಟರಿನ ಸ್ಕೋಗಾಫಾಸ್ ಜಲಪಾತದ ಮೇಲೆ ಹಸಿರು ಬೆಳಕು ಅಡ್ಡಡ್ಡ ಹರಿದು, ಅಂಚಿನಲ್ಲಿ ನಸುಗೆಂಪಾಗಿ, ಅರ್ಧ ಗಂಟೆ ಕುಣಿಯಿತು. ನೀರಿನ ತುಂತುರು ಕ್ಯಾಮೆರಾಗೆ ತಾಗದಂತೆ ನಿಲ್ಲುವ ಒಂದು ಜಾಗ ಅಲ್ಲಿದೆ. ಅದನ್ನು ನೀವೇ ಹುಡುಕಿಕೊಳ್ಳಿ.

ಈ ಲೆಕ್ಕ ಸೆಪ್ಟೆಂಬರಿನ ಮೊದಲ ಮೂರು ವಾರಕ್ಕೆ ಮಾತ್ರ. ಜುಲೈನಲ್ಲಿ ಕತ್ತಲಾಗುವುದಿಲ್ಲ, ಹಾಸ್ಟೆಲ್ ದರ ಏರಿರುತ್ತದೆ. ಅಕ್ಟೋಬರಿನಿಂದ ಟೆಂಟು ಮೈದಾನಗಳು ಒಂದೊಂದಾಗಿ ಮುಚ್ಚುತ್ತವೆ, ಬಸ್ಸಿನ ಸಂಖ್ಯೆಯೂ ಇಳಿಯುತ್ತದೆ. ಚಳಿಗಾಲಕ್ಕೇ ಹೋಗಬೇಕು ಅನ್ನುವವರು ರೇಕ್ಯಾವಿಕ್‌ನಲ್ಲೇ ಹಾಸ್ಟೆಲ್ ಹಿಡಿದು ದಿನದ ಟೂರ್ ಮಾಡಿಕೊಳ್ಳಿ, ಖರ್ಚು ಎರಡು ಲಕ್ಷ ದಾಟುತ್ತದೆ. ಮಳೆ ಪ್ಯಾಂಟು, ಬೂಟು, ಟೆಂಟು ಸೇರಿ ಇಪ್ಪತ್ತೈದು ಸಾವಿರದ ಸಾಮಾನು ಮೇಲಿನ ಒಂದು ಅರವತ್ತರಲ್ಲಿ ಸೇರಿಲ್ಲ. ಅವು ಕುಮಾರಪರ್ವತಕ್ಕೂ ಬರುತ್ತವೆ ಅಂತ ಬೇರೆ ಖಾತೆಗೆ ಬರೆದುಕೊಂಡಿದ್ದೇನೆ.