ಬಕೆಟ್ ಬಿಟ್ಟು ನೆಲ ಒರೆಸಿದ್ದು: ಮಾಪ್ ಆರಿಸಿದ ನನ್ನ ಅನುಭವ

ಈಗ ನಮ್ಮ ಹೆಣ್ಣುಮಕ್ಕಳು ನರ್ಸಿಂಗ್ ಹೋಮ್‌ನ ರೂಮಿಗೆ ಬಕೆಟ್ ಇಲ್ಲದೆ ಹೋಗ್ತಾರೆ. ಕೈಯಲ್ಲಿ ಫ್ಲ್ಯಾಟ್ ಮಾಪಿನ (ಚಪ್ಪಟೆ ಫ್ರೇಮಿಗೆ ಬಟ್ಟೆಯ ಪ್ಯಾಡ್ ಅಂಟಿಸೋ ಮಾಪ್) ಕೋಲು, ಟ್ರಾಲಿ ಮೇಲೆ ಮುಚ್ಚಳದ ಡಬ್ಬಿಯಲ್ಲಿ ನೆನೆಸಿಟ್ಟ ಪ್ಯಾಡು. ಒಂದು ರೂಮಿಗೆ ಒಂದು ಪ್ಯಾಡು. ಒರೆಸಿದ್ದನ್ನು ಮತ್ತೆ ನೀರಿಗೆ ಅದ್ದೋ ಹಂಗಿಲ್ಲ, ಬೇರೆ ಚೀಲಕ್ಕೆ ಹಾಕಬೇಕು. ಪದ್ಧತಿ ಇಷ್ಟೇ. ಶುರು ಮಾಡಿದಾಗ ನನ್ನಂಗೇ ಹೌಸ್‌ಕೀಪಿಂಗ್ ಕಾಂಟ್ರ್ಯಾಕ್ಟ್ ಹಿಡಿಯೋ ಇಬ್ಬರು ನಕ್ಕಿದ್ರು. "ನಮ್ಮೂರಿನ ಧೂಳಿಗೆ ಆ ಫ್ಯಾಷನ್ ಮಾಪ್ ನಡಿಯಂಗಿಲ್ಲ ಬಿಡ್ರಿ, ಆರು ತಿಂಗಳಿಗೆ ಮತ್ತೆ ದಾರದ ಮಾಪಿಗೇ ಬರ್ತೀರಿ" ಅಂದಿದ್ರು. ಎರಡು ವರ್ಷದ ಮೇಲಾಯ್ತು. ಅವರಲ್ಲೊಬ್ಬರು ಮೊನ್ನೆ ಫೋನ್ ಮಾಡಿ, ಪ್ಯಾಡ್ ಎಲ್ಲಿಂದ ತರಿಸ್ತೀರಿ ಅಂತ ಕೇಳಿದ್ರು. ಅದಕ್ಕೇ ಬರೀತಿದ್ದೀನಿ.

ನಮ್ಮ ಕೆಲಸ ದಾವಣಗೆರೆಯಲ್ಲೇ. ಪಿ.ಜೆ. ಬಡಾವಣೆ ಕಡೆ ಒಂದು ನರ್ಸಿಂಗ್ ಹೋಮ್, ವಿದ್ಯಾನಗರದಲ್ಲಿ ಎರಡು ಪಿ.ಜಿ., ಒಂದು ಬೆಣ್ಣೆ ದೋಸೆ ಹೋಟೆಲ್, ಮದುವೆ ಸೀಸನ್‌ನಲ್ಲಿ ಕಲ್ಯಾಣ ಮಂಟಪ. ವಿಟ್ರಿಫೈಡ್ ಟೈಲ್ಸ್, ಗ್ರಾನೈಟ್, ಹಳೇ ಮೊಸಾಯಿಕ್, ಕಡಪ ಕಲ್ಲು, ಹಳೇ ದಾವಣಗೆರೆಯ ಒಂದು ಮನೆಯಲ್ಲಿ ರೆಡ್ ಆಕ್ಸೈಡ್, ಎಲ್ಲಾ ನೆಲದ ಮೇಲೂ ಮಾಪ್ ಆಡಿಸಿ ನೋಡಿದ್ದೀನಿ.

ಮೊದಲು ಎಲ್ಲರಂಗೆ ಕೆಂಟಕಿ ಮಾಪ್, ಅಂದ್ರೆ ಉದ್ದ ದಾರದ ಗೊಂಚಲಿನ ಮಾಪ್. 400 ಗ್ರಾಮಿನ ದಾರದ ತಲೆ ನೀರು ಕುಡಿದ್ರೆ ಎರಡು ಕೆಜಿ ಹತ್ತಿರ ಹೋಗುತ್ತೆ. ಹಿಂಡೋ ಟ್ರಾಲಿ ಗಟ್ಟಿ ಇದ್ರೆ ಸರಿ, ಇಲ್ಲದಿದ್ರೆ ರಟ್ಟೆ ಬಿದ್ದುಹೋಗುತ್ತೆ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದ ಟ್ರಾಲಿಯ ಸ್ಪ್ರಿಂಗ್ ವರ್ಷದೊಳಗೆ ಹೋಯ್ತು, ಸ್ಪೇರ್ ಎಲ್ಲೂ ಸಿಗಲಿಲ್ಲ. ಆಮೇಲೆ ಕೈಯಲ್ಲೇ ಹಿಂಡೋದು. ಕೈಯಲ್ಲಿ ಹಿಂಡಿದ ದಾರ ಅರ್ಧ ನೀರು ಹೊಟ್ಟೆಯಲ್ಲೇ ಇಟ್ಕೊಂಡು ಹೋಗಿ ನೆಲಕ್ಕೆ ಬಿಡುತ್ತೆ.

ಆ ನೀರು ನಮ್ಮೂರಲ್ಲಿ ಬೋರಿಂದು. ನಲ್ಲಿ ನೀರು ಬಿಡೋ ದಿನ ಎಲ್ಲರೂ ಅದನ್ನ ಕುಡಿಯೋಕೆ, ಅಡುಗೆಗೆ ಅಂತ ತುಂಬಿಟ್ಕೊಳ್ತಾರೆ, ನೆಲ ಒರೆಸೋಕೆ ಯಾರು ಕೊಡ್ತಾರೆ? ಬೋರ್ ನೀರು ಆರಿದ ಮೇಲೆ ಅದರ ಉಪ್ಪು ನೆಲದಲ್ಲೇ ಕೂರುತ್ತೆ. ನರ್ಸಿಂಗ್ ಹೋಮ್‌ನ ರಿಸೆಪ್ಷನ್‌ನಲ್ಲಿ ಕಪ್ಪು ಗ್ರಾನೈಟ್. ಬೆಳಗ್ಗೆ ಬಾಗಿಲಿಂದ ಬಿಸಿಲು ಅಡ್ಡ ಬೀಳೋ ಹೊತ್ತಿಗೆ, ಮಾಪ್ ಎಡಕ್ಕೆ ಹೋಗಿ ಬಲಕ್ಕೆ ತಿರುಗಿದ ಕಮಾನು ಗೆರೆಗಳೆಲ್ಲಾ ಬೆಳ್ಳಗೆ ಎದ್ದು ಕಾಣೋವು. ಒಂದೊಂದು ದಾರದ ಗುರುತೂ ಎಣಿಸಬಹುದಿತ್ತು. ಮ್ಯಾನೇಜರು "ಏನ್ರೀ, ಇವತ್ತು ಒರೆಸೇ ಇಲ್ಲಲ್ಲ" ಅನ್ನೋರು. ಒರೆಸಿದ್ದು ಎರಡು ಸಲ! ಮತ್ತೆ ಒರೆಸಿದಷ್ಟೂ ಇನ್ನಷ್ಟು ಬಿಳಿ. ಫಿನಾಯಿಲ್ ಬದಲಾಯಿಸಿದೆ, ಸೋಪು ಬದಲಾಯಿಸಿದೆ, ಆ ಗೆರೆ ಮಾತ್ರ ಹೋಗಲಿಲ್ಲ. ಬಿಲ್ಲಿನಲ್ಲಿ ಒಂದು ತಿಂಗಳು ಹದಿನೈದು ನೂರು ಮುರ್ಕೊಂಡ್ರು.

ಪಿ.ಜಿ.ಗೆ ಸ್ಪಿನ್ ಮಾಪ್ ಕೊಡಿಸಿದೆ, ಸಾವಿರದ ಮುನ್ನೂರೋ ಏನೋ ಒಂದೊಂದಕ್ಕೆ. ಮನೆಗೆ ಅದು ಒಳ್ಳೇದೇ, ತಿರುಗಿಸಿದಷ್ಟೂ ಒಣಗುತ್ತೆ, ಬೆನ್ನು ಬಗ್ಗಿಸಬೇಕಿಲ್ಲ. ಮೂವತ್ತು ರೂಮಿನ ಪಿ.ಜಿ.ಗೆ ತಡೆಯಲ್ಲ. ಪೆಡಲ್ ಒಳಗಿನ ಪ್ಲಾಸ್ಟಿಕ್ ಹಲ್ಲು ನಾಲ್ಕೈದು ತಿಂಗಳಿಗೆ ಸವೀತು, ಕಾಲು ಒತ್ತಿದ್ರೆ ಕಟಕಟ ಸದ್ದು ಬರುತ್ತೆ, ಬುಟ್ಟಿ ತಿರುಗಲ್ಲ. ದುಂಡು ತಲೆ ಗೋಡೆ ಮೂಲೆಗೆ ಹೋಗಲ್ಲ. ಅದಕ್ಕಿಂತ ದೊಡ್ಡ ತೊಂದರೆ, ಹಿಂಡಿದ ಕೊಳೆ ಮತ್ತೆ ಅದೇ ಬಕೆಟಿಗೇ ಇಳಿಯುತ್ತೆ. ಮೂರನೇ ರೂಮಿಗೆ ಬರೋ ಹೊತ್ತಿಗೆ ನೀರು ಹಾಲು ಕಮ್ಮಿ ಹಾಕಿದ ಚಾ ಆಗಿರುತ್ತೆ. ಅದನ್ನೇ ಅದ್ದಿ ಅದ್ದಿ ಹತ್ತನೇ ರೂಮಿನ ತನಕ ಬಳಿಯೋದು. ಟೈಲ್ಸ್ ಸಂದು ಯಾಕೆ ಕರ್ರಗಾಗ್ತವೆ ಅಂತ ಕೇಳೋರು ಮೊದಲು ಆ ಬಕೆಟ್ ನೋಡಲಿ.

ಸ್ಪಂಜಿನ ಮಾಪೂ ಬಂತು, ಹೋಯ್ತು. ಒಣಗಿದ್ರೆ ಕಟ್ಟಿಗೆ ತರ ಬಿಗೀತದೆ, ಬಳಸೋ ಮುಂಚೆ ನೆನೆಸಬೇಕು, ಕಡಪ ಕಲ್ಲಿನ ಒರಟಿಗೆ ಸಿಕ್ಕಿ ಕಿತ್ತು ಬಂತು. ಎರಡು ಸಂದಿನ ಬಕೆಟ್ ಜೊತೆ ಬರೋ ಫ್ಲ್ಯಾಟ್ ಮಾಪೂ ತಂದೆ. ಲೇಡೀಸ್ ಪಿ.ಜಿ.ಯ ಕೂದಲೆಲ್ಲಾ ಆ ಸಂದಿನಲ್ಲೇ ಸಿಕ್ಕಿಕೊಂಡು, ಕೊನೆಗೆ ಹುಡುಗಿಯರು ಕಡ್ಡಿ ಹಾಕಿ ತೆಗೀತಾ ಕೂರೋರು.

ದಾರಿ ತೋರಿಸಿದ್ದು ನರ್ಸಿಂಗ್ ಹೋಮ್‌ನ ಡಾಕ್ಟ್ರಮ್ಮ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ದಾರದ ಮಾಪ್ ಬಿಟ್ಟು ಮೈಕ್ರೋಫೈಬರ್ (ತೀರಾ ಸಣ್ಣ ಕೃತಕ ಎಳೆಯ ಬಟ್ಟೆ) ಪ್ಯಾಡಿಗೆ ಬಂದದ್ದನ್ನು ಅಮೆರಿಕದ ಪರಿಸರ ಸಂಸ್ಥೆ 2002ರಲ್ಲೇ ಪ್ರಕಟಿಸಿದೆ ಅಂತ ಫೋನಿನಲ್ಲಿ ತೋರಿಸಿದ್ರು. ದಾರದ ಮಾಪಾದ್ರೆ ಎರಡು ಮೂರು ರೂಮಿಗೊಮ್ಮೆ ನೀರು ಚೆಲ್ಲಿ ಹೊಸದು ಮಾಡಬೇಕು, ಪ್ಯಾಡೇ ಬದಲಾಯಿಸಿದ್ರೆ ಆ ರಗಳೆ ಇಲ್ಲ ಅನ್ನೋದು ಅವರ ಲೆಕ್ಕ. ನನಗೆ ಹೊಳೆದದ್ದು ಇನ್ನೊಂದು. ಹತ್ತು ಪ್ಯಾಡ್ ನೆನೆಯೋಕೆ ಎರಡು ಲೀಟರ್ ಒಳಗೇ ಸಾಕು. ಅಂದ್ಮೇಲೆ ಇಡೀ ಮಹಡಿ ಒರೆಸೋಕೆ ನಾಲ್ಕೈದು ಲೀಟರ್. ಅಷ್ಟು ನಲ್ಲಿ ನೀರು ಯಾರಾದ್ರೂ ಕೊಡ್ತಾರೆ! ಬೋರ್ ನೀರನ್ನ ನೆಲಕ್ಕೆ ಮುಟ್ಟಿಸೋದೇ ಬೇಡ. ಮೊದಲ ವಾರಕ್ಕೇ ಗ್ರಾನೈಟ್ ಮೇಲಿನ ಗೆರೆ ನಿಂತುಹೋಯ್ತು. ಹಳೇ ಬಿಳಿ ಪೊರೆ ಹೋಗೋಕೆ ಇನ್ನೊಂದಿಷ್ಟು ದಿನ ಹಿಡೀತು, ಅದನ್ನ ಏನು ಹಾಕಿ ತೆಗೆದೆ ಅನ್ನೋದು ನನ್ನ ಹೊಟ್ಟೆಪಾಡು, ಬರೆಯಲ್ಲ. ಆಸಿಡ್ ಅಲ್ಲ ಅಂತ ಮಾತ್ರ ಹೇಳ್ತೀನಿ. ಆಸಿಡ್ ಹಾಕಿ ಮೊಸಾಯಿಕ್ ಹಾಳು ಮಾಡಿದೋರು ಊರ ತುಂಬಾ ಇದ್ದಾರೆ. ಅದರಲ್ಲಿರೋ ಸಿಮೆಂಟು, ಮಾರ್ಬಲ್ ಚೂರು ಎರಡನ್ನೂ ಆಸಿಡ್ ತಿನ್ನುತ್ತೆ.

ನೀರಿನ ಹುಚ್ಚು ಹಿಡಿದಾಗ ಇನ್ನೆರಡು ಪ್ರಯೋಗ ಮಾಡಿದೆ. ಆರ್‌ಒ ಮಿಷಿನ್ನು ಹೊರಗೆ ಬಿಡೋ ನೀರು ಸುಮ್ಮನೆ ಹೋಗುತ್ತಲ್ಲ ಅಂತ ಹಿಡಿದು ಒರೆಸಿದ್ರೆ, ಗೆರೆ ಡಬಲ್. ಆಗಲೇಬೇಕು, ಒಳಗಿನ ಉಪ್ಪನ್ನೆಲ್ಲಾ ಅದು ಆ ನೀರಿಗೇ ತಳ್ಳಿರುತ್ತೆ. ಎ.ಸಿ.ಯಿಂದ ತೊಟ್ಟಿಕ್ಕೋ ನೀರು ಹಿಡಿದೆ, ಅದರಲ್ಲಿ ಉಪ್ಪಿಲ್ಲ, ಗ್ರಾನೈಟ್ ಕನ್ನಡಿ ಆಯ್ತು. ಎ.ಸಿ. ಒಳಗಿನ ಧೂಳು, ಪಾಚಿ ಬರುತ್ತೆ, ಆಸ್ಪತ್ರೆಗೆ ಬೇಡ ಅಂದ್ರು ಡಾಕ್ಟ್ರಮ್ಮ. ಹೋಟೆಲಿನ ಎ.ಸಿ. ಹಾಲ್‌ನ ಗಾಜಿನ ಬಾಗಿಲಿಗೆ ಈಗಲೂ ಅದೇ ನೀರು.

ಖರೀದಿ ವಿಷಯ. ಕೋಲು, ಫ್ರೇಮು ಕೈಯಲ್ಲಿ ಹಿಡಿದು ನೋಡದೆ ತರಿಸಬೇಡಿ. ಮಂಡಿಪೇಟೆಯ ಅಂಗಡೀಲಿ ನಿಂತು ನಾನು ನೋಡೋದು ಹಿಂಗೆ. ಕೋಲನ್ನ ಪೂರ್ತಿ ನೆಲಕ್ಕೆ ಮಲಗಿಸಿದಾಗಲೂ ಫ್ರೇಮ್ ನೆಲಕ್ಕೆ ಅಂಟಿಕೊಂಡೇ ಇರಬೇಕು, ಮೂತಿ ಎತ್ತಿದ್ರೆ ಮಂಚದ ಕೆಳಗೆ ಕೆಲಸಕ್ಕೆ ಬರಲ್ಲ. ಕೋಲು, ಫ್ರೇಮ್ ಸೇರೋ ಗೆಣ್ಣು ಎಲ್ಲಕ್ಕಿಂತ ಮೊದಲು ಮುರಿಯೋ ಜಾಗ. ನನ್ನ ಮೊದಲ ನಾಲ್ಕು ಫ್ರೇಮ್‌ನಲ್ಲಿ ಮೂರು ಅಲ್ಲೇ ಹೋದವು, ಮುನ್ನೂರೈವತ್ತರ ಮಾಲು. ಈಗಿನವು ಏಳೆಂಟು ನೂರಿನ ಅಲ್ಯೂಮಿನಿಯಂ ಫ್ರೇಮು, ಒಂದೂ ಮುರಿದಿಲ್ಲ. ತಿರುಗಿಸಿ ಬಿಗಿ ಮಾಡೋ ಉದ್ದಗಿಡ್ಡದ ಕೋಲು ಒದ್ದೆ ಕೈಗೆ ಜಾರುತ್ತೆ, ಒತ್ತಿದಾಗ ಒಳಗೆ ಇಳಿಯುತ್ತೆ. ತೂತಿಗೆ ಪಿನ್ ಕೂರೋ ಕೋಲು ತಗೊಳ್ಳಿ. ನಿಲ್ಲಿಸಿದ್ರೆ ಗದ್ದಕ್ಕೆ ಬರಬೇಕು. ನಮ್ಮಲ್ಲೊಬ್ಬಳು ಐದಡಿಗೂ ಕಮ್ಮಿ, ದಿನಾ ಭುಜ ನೋವು ಅಂತಿದ್ಲು, ಕೋಲು ಎರಡು ತೂತು ಇಳಿಸಿದ ಮೇಲೆ ಆ ಮಾತೇ ಇಲ್ಲ.

ಪ್ಯಾಡು 18 ಇಂಚಿಂದು. ನೂರು ರೂಪಾಯಿದೂ ಸಿಗುತ್ತೆ, ಇನ್ನೂರೈವತ್ತರದೂ ಸಿಗುತ್ತೆ. ನಾನು ತರೋದು ನೂರೆಪ್ಪತ್ತರ ಸುಮಾರಿಂದು. ಅಂಗೈಗೆ ಉಜ್ಜಿದಾಗ ಚರ್ಮದ ಒರಟಿಗೆ ಹಿಡ್ಕೊಂಡ್ರೆ ಒಳ್ಳೇ ಮಾಲು, ಜಾರಿದ್ರೆ ಬರೀ ಪಾಲಿಯೆಸ್ಟರ್ ಬಟ್ಟೆ. ಎಲ್ಲಿಂದ ತರ್ತೀನಿ ಅಂತ ಫೋನ್ ಮಾಡಿದೋರಿಗೂ ಹೇಳಿಲ್ಲ.

ಒಂದು ರೂಮ್ ಒರೆಸಿದ ಪ್ಯಾಡನ್ನ ತಿರುಗಿಸಿ ನೋಡಿ. ಮುಂದಿನ ಅಂಚಿನಲ್ಲಿ ಬೆರಳು ಅಗಲದ ಕಪ್ಪು ಪಟ್ಟಿ, ಅದರಲ್ಲಿ ಕೂದಲು, ಹತ್ತಿಯ ಎಳೆ. ಹಿಂದಿನ ಮುಕ್ಕಾಲು ಭಾಗ ಬರೀ ಬೂದು. ಅಂದ್ರೆ ಕೊಳೆ ಹಿಡಿಯೋದೆಲ್ಲಾ ಮುಂದಿನ ಅಂಚು. ಹಿಂದಕ್ಕೆ ಮುಂದಕ್ಕೆ ಗುಡಿಸೋ ಹಂಗೆ ಆಡಿಸಿದ್ರೆ ಆ ಪಟ್ಟಿಯ ಕೊಳೆ ನೆಲಕ್ಕೇ ವಾಪಸ್. ಹಿಂದಕ್ಕೆ ಹೆಜ್ಜೆ ಇಡ್ತಾ, ಇಂಗ್ಲಿಷ್ ಎಂಟರ ಆಕಾರದಲ್ಲಿ, ಅದೇ ಅಂಚು ಯಾವಾಗಲೂ ಮುಂದಿರೋ ಹಂಗೆ ಎಳೀಬೇಕು. ಇದು ಕೈಗೆ ಹತ್ತೋಕೆ ಒಂದು ವಾರ ಬೇಕು.

ನಮ್ಮೋರೇ ಶುರುವಿನಲ್ಲಿ ಒಪ್ಪಲಿಲ್ಲ. "ನೀರು ಹಾಕ್ದೆ ಒರೆಸಿದ್ರೆ ಮೈಲಿಗೆ ಹೋಗ್ತತೇನ್ ಅಕ್ಕಾ?" ಅಂತ ಹಿರೀಕಿ ಒಬ್ಬಳು ಜಗಳಕ್ಕೇ ನಿಂತ್ಲು. ನಾನು ಇಲ್ಲಿ ಇಲ್ಲ ಅಂದಾಗ ಕದ್ದು ಬಕೆಟ್ ತುಂಬೋಳು. ಅವಳಿಗೆ ಎರಡು ರೂಮ್ ಕೊಟ್ಟೆ, ಒಂದು ಅವಳ ಪದ್ಧತಿ, ಒಂದು ನನ್ನದು. ಆರಿದ ಮೇಲೆ ಎರಡೂ ಕಡೆ ಬಿಳಿ ಟಿಶ್ಯೂ ಉಜ್ಜಿ ಕೈಗೆ ಕೊಟ್ಟೆ. ನೋಡಿದ್ಲು, ಮಾತಾಡಲಿಲ್ಲ, ಮಾರನೇ ದಿನದಿಂದ ಪ್ಯಾಡ್ ನೆನೆಸೋ ಉಸ್ತುವಾರಿ ಅವಳದೇ. ಮಾಲೀಕರ ದೂರು ಬೇರೆ ತರದ್ದು: "ಫಿನಾಯಿಲ್ ವಾಸನೇನೇ ಬರ್ತಿಲ್ಲ." ವಾಸನೆ ಬಂದ್ರೆ ಕ್ಲೀನು ಅಂತ ಅವರ ನಂಬಿಕೆ. ಅದಕ್ಕೂ ಒಂದು ಉಪಾಯ ಮಾಡಿದ್ದೀನಿ, ಮುಚ್ಚಳದಷ್ಟು ಫಿನಾಯಿಲ್ ಖರ್ಚಾಗುತ್ತೆ, ದೂರು ಬರಲ್ಲ.

ತೊಳೆಯೋದರಲ್ಲಿ ಒಂದು ಪೆಟ್ಟು ಬಿತ್ತು. ಲಾಂಡ್ರಿ ಹುಡುಗ ಬಟ್ಟೆ ಮೆತ್ತಗಾಗೋ ಕಂಡೀಷನರ್ ಹಾಕಿ ತೊಳೆದು ಕೊಟ್ಟ. ಘಮಘಮ ಅಂತಿದ್ವು, ನೀರು ಮಾತ್ರ ಹೀರಲ್ಲ, ಧೂಳು ಹಿಡಿಯಲ್ಲ, ನೆಲದ ಮೇಲೆ ಜಾರ್ತಾ ಹೋಗೋವು. ಎಳೆಗಳ ಮೇಲೆ ಮೇಣದಂಥ ಪೊರೆ ಕೂತಿರುತ್ತೆ. ಬಿಸಿನೀರು, ಬರೀ ಪೌಡರ್ ಹಾಕಿ ಎರಡು ಸಲ ತೊಳೆದ ಮೇಲೆ ದಾರಿಗೆ ಬಂದವು. ಟವೆಲ್ ಜೊತೆನೂ ಹಾಕಬೇಡಿ, ಹತ್ತಿಯ ನಾರೆಲ್ಲಾ ಪ್ಯಾಡಿಗೆ ಅಂಟುತ್ತೆ. ಬ್ಲೀಚಿಂದ ಎಳೆ ಬೇಗ ಸಾಯುತ್ತೆ. ಅದಕ್ಕೇ ಆಸ್ಪತ್ರೆಯಲ್ಲಿ ರಕ್ತ ಬಿದ್ದ ಕಡೆ ಈ ಪ್ಯಾಡ್ ಹೋಗೋದೇ ಇಲ್ಲ. ಬಿಸಾಕೋ ಬಟ್ಟೆ, ಹೈಪೋ (ಆಸ್ಪತ್ರೆಯ ಬ್ಲೀಚ್ ದ್ರಾವಣ), ಅದರ ದಾರಿಯೇ ಬೇರೆ. ಟಾಯ್ಲೆಟ್‌ನದು ಕೆಂಪು ಪಟ್ಟಿಯ ಪ್ಯಾಡು, ಅದನ್ನ ತೊಳೆಯೋದೂ ಬೇರೆ.

ದುಡ್ಡು ಉಳಿಸೋಣ ಅಂತ ಹಳೇ ಟರ್ಕಿ ಟವೆಲ್ ಕತ್ತರಿಸಿ, ಟೈಲರ್ ಹತ್ತಿರ ವೆಲ್ಕ್ರೋ ಹೊಲಿಸಿ ಹದಿನೈದಿಪ್ಪತ್ತು ಪ್ಯಾಡ್ ಮಾಡಿಸಿದ್ದೂ ಉಂಟು. ಒಂದಕ್ಕೆ ನಲವತ್ತು ರೂಪಾಯಿ ಬಿತ್ತು. ವಿಟ್ರಿಫೈಡ್ ಮೇಲೆ ಎಳೆಯೋಕೇ ಆಗಲ್ಲ, ಹಿಡ್ಕೊಂಡು ಬಿಡುತ್ತೆ. ಆದ್ರೆ ಆ ಹಳೇ ಮನೆಯ ರೆಡ್ ಆಕ್ಸೈಡಿಗೆ ಇದಕ್ಕಿಂತ ಒಳ್ಳೇದು ಸಿಕ್ಕಿಲ್ಲ. ಕೊನೆಗೊಂದು ಒಣ ಟವೆಲ್ ಪ್ಯಾಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಎಳೆದ್ರೆ ಮನೆ ಅಜ್ಜಿ ಖುಷಿಯಾಗಿ ಕಾಫಿ ಕೊಡ್ತಾರೆ.

ಲೆಕ್ಕ ಕೇಳೋರಿಗೆ: ನಲವತ್ತು ಪ್ಯಾಡು, ನಾಲ್ಕು ಫ್ರೇಮು, ಡಬ್ಬಿ ಎಲ್ಲಾ ಸೇರಿ ಹತ್ತು ಹನ್ನೊಂದು ಸಾವಿರ ಆಯ್ತು, ಒಂದೇ ಸಲಕ್ಕೆ. ಮುಂಚೆ ಐದು ಲೀಟರ್ ಫಿನಾಯಿಲ್ ಕ್ಯಾನು ನಾಲ್ಕು ದಿನಕ್ಕೆ ಖಾಲಿ, ಈಗ ಹನ್ನೆರಡು ಹದಿಮೂರು ದಿನ ಬರುತ್ತೆ. ತಿಂಗಳಿಗೆ ನಾಲ್ಕೈದು ದಾರದ ತಲೆ ಕೊಳ್ಳೋದು ತಪ್ಪಿತು. ರೂಮಿಗೆ ಹತ್ತು ನಿಮಿಷ ಹಿಡೀತಿದ್ದದ್ದು ಆರಕ್ಕೆ ಇಳೀತು, ಆ ಉಳಿದ ಹೊತ್ತಿನಲ್ಲಿ ಅದೇ ಜನರಿಂದ ಎರಡನೇ ಪಿ.ಜಿ. ಹಿಡಿದೆ. ಹಾಕಿದ ದುಡ್ಡು ಐದಾರು ತಿಂಗಳಿಗೆ ವಾಪಸ್. ಪ್ಯಾಡು ವರ್ಷದ ಹತ್ತಿರ ಬಾಳಿಕೆ ಬರ್ತವೆ, ಆಮೇಲೆ ಕಿಟಕಿ ಒರೆಸೋಕೆ.

ಎಲ್ಲಾ ಕಡೆ ಇದೇ ನಡೆಯುತ್ತೆ ಅಂದ್ಕೋಬೇಡಿ. ಬೆಣ್ಣೆ ದೋಸೆ ಕಾವಲಿ ಮುಂದಿನ ಕಡಪ ಕಲ್ಲಿಗೆ ಯಾವ ಮಾಪೂ ಉತ್ತರ ಅಲ್ಲ. ಪ್ಯಾಡಿಗೆ ಜಿಡ್ಡು ಹತ್ತಿದ್ರೆ ಪ್ಯಾಡೂ ಹೋಯ್ತು, ನೆಲವೂ ಜಾರುತ್ತೆ. ಅಲ್ಲಿ ಬಿಸಿನೀರು, ವಾಷಿಂಗ್ ಸೋಡಾ, ಉದ್ದ ಕೋಲಿನ ಬ್ರಷ್, ವೈಪರ್. ಕಲ್ಯಾಣ ಮಂಟಪದ ಊಟದ ಹಾಲಿಗೂ ಮೊದಲು ವೈಪರ್, ಆಮೇಲೆ ಹಳೇ ಕೆಂಟಕಿ, ಸಾಂಬಾರ್ ಹೀರೋಕೆ ದಾರಾನೇ ಬೇಕು. ಮಂಡಕ್ಕಿ ಚೆಲ್ಲಿದ ಕಡೆ ಗುಡಿಸದೆ ಪ್ಯಾಡ್ ಹಾಕಿದ್ರೆ ಕಾಳೆಲ್ಲಾ ನೆನೆದು ಅಡಿಯಲ್ಲಿ ಮೆತ್ತಿಕೊಳ್ತವೆ. ಸಂಜೆ ಮಿರ್ಚಿ ಮಂಡಕ್ಕಿ ಇಲ್ಲದ ಪಿ.ಜಿ. ಈ ಊರಲ್ಲಿದ್ರೆ ಹೇಳಿ.

ಎರಡು ಬೆಡ್‌ರೂಮಿನ ಮನೆಗಾದ್ರೆ ಇಷ್ಟೆಲ್ಲಾ ಬೇಡ. ಒಂದು ಫ್ರೇಮು, ಆರು ಪ್ಯಾಡು, ಸಾವಿರದೆಂಟುನೂರರ ಸುಮಾರಿಗೆ ಮುಗೀತದೆ.

ನನಗಿನ್ನೂ ಬಗೆಹರಿಯದೇ ಉಳಿದಿರೋದು ಮೆಟ್ಟಿಲು. 18 ಇಂಚಿನ ಫ್ರೇಮು ಮೆಟ್ಟಿಲಿನ ತಿರುವಿನಲ್ಲಿ ತಿರುಗಲ್ಲ, ಗೋಡೆಗೆ ಬಡಿದು ಬಣ್ಣ ಕೆರೆಯುತ್ತೆ. ಸದ್ಯಕ್ಕೆ ಕೈಬಟ್ಟೆಯಲ್ಲೇ ಬಗ್ಗಿ ಒರೆಸ್ತಾರೆ. 12 ಇಂಚಿನ ಫ್ರೇಮ್ ಎರಡು ಹೇಳಿದ್ದೀನಿ, ಹಳೇ ಪ್ಯಾಡನ್ನೇ ಕತ್ತರಿಸಿ ಅಂಚು ಹೊಲಿಸಿ ಅದಕ್ಕೆ ಹಾಕೋ ಯೋಚನೆ ಇದೆ. ಯಾರಾದ್ರೂ ಮಾಡಿ ನೋಡಿದ್ರೆ, ಹೊಲಿದ ಅಂಚು ಎಷ್ಟು ತೊಳೆತಕ್ಕೆ ತಡೆದಿದೆ ಅಂತ ತಿಳಿಸಿ.