ಚಿಮಣಿಯ ನೆತ್ತಿಗೊಂದು ಮುಚ್ಚಳ: ಕೂರಿಸುವುದು ಹೇಗೆ, ಕಾಪಾಡುವುದು ಹೇಗೆ

ಚಾವಣಿ ಸೋರಿದರೆ ಅಂದೇ ಗೊತ್ತಾಗುತ್ತದೆ. ಹನಿ ಬೀಳುವಲ್ಲಿ ಪಾತ್ರೆ ಇಟ್ಟು, ಮರುದಿನವೇ ದುರಸ್ತಿಗೆ ಜನ ಕರೆಯುತ್ತೇವೆ. ಚಿಮಣಿಯ ಸೋರಿಕೆ ಹಾಗಲ್ಲ. ಆಕಾಶಕ್ಕೆ ಬಾಯಿ ತೆರೆದು ನಿಂತ ಹೊಗೆಕೊಳವೆಯೊಳಗೆ ಮಳೆ ನೇರವಾಗಿ ಇಳಿದು ಗೋಡೆಯಲ್ಲೇ ಇಂಗಿಹೋಗುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಎಷ್ಟೋ ವರ್ಷಗಳ ನಂತರ ಅಗ್ಗಿಷ್ಟಿಕೆಯ ಪಕ್ಕದ ಗೋಡೆಯಲ್ಲಿ ಕಂದು ಕಲೆ ಮೂಡುವ ಹೊತ್ತಿಗೆ ಒಳಗಿನ ಗಾರೆ ಉದುರತೊಡಗಿರುತ್ತದೆ. ಇದನ್ನು ತಡೆಯಲು ಬೇಕಾದದ್ದು, ಸುತ್ತಲೂ ಜಾಲರಿಯಿರುವ ಒಂದು ಲೋಹದ ಮುಚ್ಚಳ. ಅಂಗಡಿಗಳಲ್ಲಿ ಇದಕ್ಕೆ ಚಿಮಣಿ ಕ್ಯಾಪ್ ಎನ್ನುತ್ತಾರೆ. ನಾನು ಹೇಳುತ್ತಿರುವುದು ಸೌದೆಯ ಹೊಗೆಯನ್ನು ಹೊರಗೊಯ್ಯುವ ಇಟ್ಟಿಗೆಯ ಚಿಮಣಿಯ ವಿಚಾರ, ಅಡುಗೆಮನೆಯ ವಿದ್ಯುತ್ ಚಿಮಣಿಯದಲ್ಲ.

ಮುಚ್ಚಳವಿಲ್ಲದಿದ್ದರೆ ಆಗುವುದೇನು?

ಮೊದಲ ಶತ್ರು ನೀರು. ಕೊಳವೆಯ ಒಳಮೈಗೆ ಅಂಟಿದ ಮಸಿಯೊಂದಿಗೆ ನೀರು ಬೆರೆತಾಗ ಅದು ಆಮ್ಲೀಯವಾಗಿ ಗಾರೆಯನ್ನು ತಿನ್ನುತ್ತದೆ. ಹೊಗೆಯ ದಾರಿಯನ್ನು ತೆರೆದು ಮುಚ್ಚುವ ಡ್ಯಾಂಪರ್ ತುಕ್ಕು ಹಿಡಿದು ಅಲುಗಾಡದಂತಾಗುತ್ತದೆ. ಹಿಮ ಬೀಳುವ ಊರುಗಳಲ್ಲಂತೂ ಹಾನಿ ಇನ್ನೂ ಹೆಚ್ಚು: ನೀರು ಹೆಪ್ಪುಗಟ್ಟಿದಾಗ ಸುಮಾರು 9 ಶೇಕಡಾದಷ್ಟು ಹಿಗ್ಗುವುದರಿಂದ, ಕೂದಲೆಳೆಯಷ್ಟಿದ್ದ ಬಿರುಕು ಪ್ರತಿ ಚಳಿಗಾಲಕ್ಕೂ ಅಗಲವಾಗುತ್ತಾ ಹೋಗುತ್ತದೆ.

ಆದರೆ ನನಗೆ ಹೆಚ್ಚು ಭಯ ಹುಟ್ಟಿಸುವುದು ನೀರಲ್ಲ, ಗೂಡು. ಬೆಚ್ಚಗೆ ಮರೆಯಾಗಿರುವ ಕೊಳವೆ ಹಕ್ಕಿಗಳಿಗೂ ಅಳಿಲುಗಳಿಗೂ ಹೇಳಿ ಮಾಡಿಸಿದ ಜಾಗ. ಕಡ್ಡಿ, ಒಣ ಎಲೆಗಳು ತುಂಬಿಕೊಂಡ ಚಿಮಣಿಯ ಕೆಳಗೆ ಬೆಂಕಿ ಹಚ್ಚಿದರೆ ಹೊಗೆ ಕೋಣೆಗೆ ಮರಳುತ್ತದೆ, ಅದರೊಂದಿಗೆ ಕಾರ್ಬನ್ ಮಾನಾಕ್ಸೈಡ್ ಕೂಡ. ಆ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದವರು ಏಳದೇ ಹೋಗಬಹುದು. ಇನ್ನು, ಜಾಲರಿಯಿಲ್ಲದ ಬಾಯಿಯಿಂದ ಹಾರಿದ ಕಿಡಿ ಚಾವಣಿಯ ಮೇಲಿನ ತರಗೆಲೆಗೆ ಬಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಕೊಳ್ಳುವ ಮುನ್ನ

ಅಳತೆಯಿಂದ ಆರಂಭಿಸಿ. ಇಟ್ಟಿಗೆಯ ಚಿಮಣಿಯ ತುದಿಯಲ್ಲಿ ಕಾಂಕ್ರೀಟಿನ ಹಾಸು ಇರುತ್ತದೆ, ಅದರ ನಡುವಿನಿಂದ ಸುಟ್ಟ ಮಣ್ಣಿನ ಕೊಳವೆ ಒಂದೆರಡು ಇಂಚು ಮೇಲೆದ್ದಿರುತ್ತದೆ. ಆ ಕೊಳವೆಯ ಹೊರ ಅಂಚಿನಿಂದ ಹೊರ ಅಂಚಿಗೆ ಉದ್ದ, ಅಗಲಗಳನ್ನು ಅಳೆಯಿರಿ. ಹೆಚ್ಚಿನವರು ತಪ್ಪುವುದು ಇಲ್ಲೇ: ಒಳಗಿನ ಅಳತೆ ತೆಗೆದುಕೊಂಡು ಹೋಗಿ, ಕೂರದ ಮುಚ್ಚಳವನ್ನು ತರುತ್ತಾರೆ. ಕೊಳವೆ ಹಾಸಿನ ಮಟ್ಟಕ್ಕೇ ನಿಂತಿದ್ದರೆ ಹಾಸಿಗೆ ಬಿಗಿಯುವ ಅಗಲ ಪಟ್ಟಿಯ ಮುಚ್ಚಳ ಬೇಕು. ಒಂದೇ ಚಿಮಣಿಯಲ್ಲಿ ಎರಡು ಮೂರು ಕೊಳವೆಗಳಿದ್ದರೆ ಎಲ್ಲವನ್ನೂ ಒಟ್ಟಿಗೆ ಮುಚ್ಚುವ ದೊಡ್ಡ ಮಾದರಿ ಸಿಗುತ್ತದೆ. ಕಾರ್ಖಾನೆಯಲ್ಲಿ ಸಿದ್ಧವಾಗಿ ಬರುವ ಲೋಹದ ಚಿಮಣಿಗೆ ಮಾತ್ರ ಅದೇ ತಯಾರಕರ ಮುಚ್ಚಳವನ್ನೇ ಹಾಕಬೇಕು. ಅಂಥ ಹಲವು ಚಿಮಣಿಗಳ ಎರಡು ಗೋಡೆಗಳ ನಡುವೆ ಗಾಳಿ ಓಡಾಡುತ್ತಿರುತ್ತದೆ. ಬೇರೆ ಮುಚ್ಚಳ ಆ ದಾರಿಯನ್ನು ಮುಚ್ಚಿಬಿಡಬಹುದು.

ಯಾವ ಲೋಹ? ಸತು ಲೇಪಿಸಿದ ಉಕ್ಕು ಅಗ್ಗ, ಆದರೆ ಲೇಪ ಸವೆದೊಡನೆ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ಆದರೆ 660 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಚಿಮಣಿಯೊಳಗೆ ಬೆಂಕಿ ಹೊತ್ತಿಕೊಂಡರೆ ಶಾಖ 1,000 ಡಿಗ್ರಿ ದಾಟಬಲ್ಲದು. ಆದ್ದರಿಂದ ಸೌದೆ ಉರಿಸುವವರಿಗೆ ನನ್ನ ಸಲಹೆ ಸ್ಟೇನ್‌ಲೆಸ್ ಸ್ಟೀಲ್. ಕಡಲ ತೀರದಲ್ಲಿದ್ದರೆ ಉಪ್ಪುಗಾಳಿಯನ್ನು ಇನ್ನೂ ಚೆನ್ನಾಗಿ ತಾಳುವ 316 ದರ್ಜೆಯದನ್ನು ಕೇಳಿ. ತಾಮ್ರ ತಲೆಮಾರುಗಳ ಕಾಲ ಬಾಳುತ್ತದೆ, ಬೆಲೆಯೂ ಹಾಗೆಯೇ ಇರುತ್ತದೆ.

ಜಾಲರಿಯ ಕಣ್ಣು 10ರಿಂದ 13 ಮಿಲಿಮೀಟರಿನಷ್ಟಿರಲಿ. ದೊಡ್ಡದಾದರೆ ಕಿಡಿ ಹಾರುತ್ತದೆ, ಚಿಕ್ಕದಾದರೆ ಮಸಿ ಬೇಗ ಕಟ್ಟಿಕೊಳ್ಳುತ್ತದೆ. ಕೊಳವೆಯ ಬಾಯಿಗೂ ಮುಚ್ಚಳದ ತಗಡಿಗೂ ನಡುವೆ ಐದಾರು ಇಂಚಿನಷ್ಟಾದರೂ ಅಂತರವಿಲ್ಲದಿದ್ದರೆ ಹೊಗೆ ಸರಾಗವಾಗಿ ಹೊರಬೀಳುವುದಿಲ್ಲ.

ಕೂರಿಸುವ ಕ್ರಮ

ಚಾವಣಿ ಕಡಿದಾಗಿದ್ದರೆ, ಎತ್ತರವಾಗಿದ್ದರೆ ಈ ಕೆಲಸವನ್ನು ಪಳಗಿದವರಿಗೇ ಬಿಡಿ. ಮಟ್ಟಸವಾದ ಚಾವಣಿಯಾದರೆ, ಒಲೆ ಪೂರ್ತಿ ಆರಿ ತಣ್ಣಗಾದ ಮೇಲೆ, ಮಳೆ ಗಾಳಿಯಿಲ್ಲದ ದಿನ ನೋಡಿ ಹತ್ತಿ. ಏಣಿಯನ್ನು ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರವಿಟ್ಟು, ಅದರ ತುದಿ ಸೂರಿಗಿಂತ ಮೂರು ಅಡಿ ಮೇಲಿರುವಂತೆ ನಿಲ್ಲಿಸಿ. ಕೆಳಗೆ ಹಿಡಿದುಕೊಳ್ಳಲು ಒಬ್ಬರು ಇರಲೇಬೇಕು.

ಮೇಲೆ ಹೋದೊಡನೆ ಟಾರ್ಚ್ ಬಿಟ್ಟು ಕೊಳವೆಯೊಳಗೆ ನೋಡಿ. ಗೂಡಿದ್ದು, ಅದರಲ್ಲಿ ಮೊಟ್ಟೆ ಅಥವಾ ಮರಿಗಳಿದ್ದರೆ ಇಳಿದು ಬನ್ನಿ, ಅವು ಹಾರಿಹೋಗುವವರೆಗೆ ಬೆಂಕಿ ಹಚ್ಚದೆ ಕಾಯಿರಿ. ಜೀವಂತ ಮರಿಗಳನ್ನು ಒಳಗಿಟ್ಟು ಬಾಯಿ ಮುಚ್ಚುವುದು ಕ್ರೌರ್ಯ. ಎಷ್ಟೋ ದೇಶಗಳಲ್ಲಿ ಅಪರಾಧವೂ ಹೌದು.

ಕೊಳವೆ ಖಾಲಿಯಿದ್ದರೆ ಅದನ್ನು ಗುಡಿಸಿಸಿ, ಹಾಸಿನ ಬಿರುಕುಗಳನ್ನು ತುಂಬಿಸಿದ ಮೇಲೆಯೇ ಮುಚ್ಚಳ ಕೂರಿಸಿ. ಮೇಲೆದ್ದ ಕೊಳವೆಯಾದರೆ ಮುಚ್ಚಳದ ಕಾಲುಗಳು ಅದರ ಸುತ್ತ ಇಳಿಯುತ್ತವೆ. ನಾಲ್ಕೂ ಬದಿಯ ಸ್ಕ್ರೂಗಳನ್ನು ಮೊದಲು ಸಡಿಲವಾಗಿ ಸೇರಿಸಿ, ನಂತರ ಎದುರು ಬದುರಿನವನ್ನು ಜೋಡಿಯಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಕೈಬಲವೆಲ್ಲ ಹಾಕಿ ತಿರುಗಿಸಿದರೆ ಮಣ್ಣಿನ ಕೊಳವೆ ಸೀಳುತ್ತದೆ. ಹಾಸಿಗೆ ಬಿಗಿಯುವ ಮಾದರಿಯಾದರೆ ಗಾರೆಗೆ ಬಳಸುವ ಡ್ರಿಲ್ ಬಿಟ್‌ನಿಂದ ರಂಧ್ರ ಕೊರೆದು, ದೂಳು ಊದಿ, ಪಟ್ಟಿಯ ಅಡಿಗೆ ಶಾಖ ತಾಳುವ ಸಿಲಿಕೋನ್ ಹಚ್ಚಿ, ಲೋಹದ ಆಂಕರ್‌ಗಳಿಂದ ಭದ್ರಪಡಿಸಿ. ಕೊನೆಗೆ ಕೈಯಿಂದ ಅಲುಗಾಡಿಸಿ ನೋಡಿ. ಇವತ್ತು ತುಸು ಅಲುಗಿದ್ದು ಬಿರುಗಾಳಿಯ ದಿನ ಕೆಳಗೆ ಬಿದ್ದಿರುತ್ತದೆ.

ಹಾಕಿದ ಮೇಲಿನ ಕೆಲಸ

ಹಾಕಿಯಾಯಿತೆಂದು ಮರೆತುಬಿಡುವವರೇ ಹೆಚ್ಚು. ಹಾಗೆ ಮರೆತ ಮುಚ್ಚಳ ಮುಂದೆ ತಾನೇ ಅಪಾಯವಾಗುತ್ತದೆ. ಹೊಗೆ ಮೇಲೇರಿದಂತೆ ತಣ್ಣಗಾಗುತ್ತದೆ. ಅದರ ದಾರಿಯಲ್ಲಿ ಎಲ್ಲಕ್ಕಿಂತ ತಣ್ಣಗಿರುವ ಜಾಗಗಳಲ್ಲಿ ಈ ಜಾಲರಿಯೂ ಒಂದು. ಹೀಗಾಗಿ ಕ್ರಿಯೋಸೋಟ್ ಎಂಬ, ಡಾಂಬರಿನಂತೆ ಅಂಟುವ ಪದಾರ್ಥ ಅಲ್ಲಿ ಬೇಗ ಕಟ್ಟಿಕೊಳ್ಳುತ್ತದೆ. ಕಣ್ಣುಗಳು ಮುಚ್ಚಿಹೋದರೆ ಗೂಡು ಕಟ್ಟಿದ ಚಿಮಣಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಹೊಗೆ ಕೋಣೆಗೇ ಮರಳುತ್ತದೆ. ಸೌದೆ ಹಸಿಯಿದ್ದಷ್ಟೂ ಇದು ಬೇಗ ಆಗುತ್ತದೆ. ತೇವಾಂಶ 20 ಶೇಕಡಾಕ್ಕಿಂತ ಕಡಿಮೆಯಿರುವ ಒಣ ಸೌದೆಯನ್ನೇ ಉರಿಸಿ.

ವರ್ಷಕ್ಕೊಮ್ಮೆ, ಒಲೆ ಹಚ್ಚುವ ಕಾಲ ಬರುವ ಮುನ್ನ, ಚಿಮಣಿಯನ್ನು ಗುಡಿಸಿಸುವಾಗಲೇ ಜಾಲರಿಯನ್ನೂ ಗಟ್ಟಿ ಬ್ರಷ್‌ನಿಂದ ಉಜ್ಜಿಸಿ, ಸ್ಕ್ರೂಗಳನ್ನು ಪರೀಕ್ಷಿಸಿ. ದಿನವೂ ಉರಿಸುವವರು ನಡುವೆ ಇನ್ನೊಂದು ಸಲ ನೋಡಿಸುವುದು ಒಳ್ಳೆಯದು. ದೊಡ್ಡ ಗಾಳಿಮಳೆಯ ಮರುದಿನ ಅಂಗಳದಲ್ಲಿ ನಿಂತು ಬೈನಾಕ್ಯುಲರ್‌ನಲ್ಲಿ ನೋಡಿದರೂ ಸಾಕು: ಮುಚ್ಚಳ ವಾಲಿದೆಯೇ, ಜಾಲರಿ ಹರಿದಿದೆಯೇ, ತುಕ್ಕಿನ ಗೆರೆ ಇಳಿದಿದೆಯೇ ಎಂಬುದು ಕಾಣುತ್ತದೆ. ಅಗ್ಗಿಷ್ಟಿಕೆಯಿರುವ ಕೋಣೆಯಲ್ಲೂ ಮಲಗುವ ಕೋಣೆಗಳ ಬಳಿಯೂ ಕಾರ್ಬನ್ ಮಾನಾಕ್ಸೈಡ್ ಸೂಚಕ ಇರಲಿ. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲದೆ ಎಲ್ಲರನ್ನೂ ಹೊರಗೆ ಕರೆತಂದು, ಅಲ್ಲಿಂದಲೇ ಸಹಾಯಕ್ಕೆ ಕರೆ ಮಾಡಿ. ಜಾಲರಿಯನ್ನು ಆಮೇಲೆ ನೋಡಿಕೊಳ್ಳಬಹುದು.